ಥಾನೋಸನ ಕೈ, ಭಸ್ಮಾಸುರನ ಕೈ

ಟೆಕ್ಸಸ್‌ನ ಲಾಸ್ ಕೊಲಿನಾಸ್‌ನ ಕನ್ನಡದ ಮನೆಗಳಲ್ಲಿ ಬೆಳೆಯುವ ಮಕ್ಕಳಿಗೆ ಭಸ್ಮಾಸುರನಿಗಿಂತ ಥಾನೋಸ್ ಹತ್ತಿರದವನು. ಆರು ಬಣ್ಣದ ಕಲ್ಲು ಕೂರಿಸಿದ ಚಿನ್ನದ ಕೈಗವಸು, ಒಂದು ಚಿಟಿಕೆ, ಅರ್ಧ ವಿಶ್ವ ಬೂದಿ. ಇಷ್ಟು ಅವರಿಗೆ ಬಾಯಿಪಾಠ. ಆದರೆ ಅವರು ಬಲ್ಲದ್ದು 2018ರ 'ಇನ್ಫಿನಿಟಿ ವಾರ್' ಮತ್ತು 2019ರ 'ಎಂಡ್‌ಗೇಮ್' ಸಿನಿಮಾಗಳ ಕೈಗವಸು. ಜಿಮ್ ಸ್ಟಾರ್ಲಿನ್ 1991ರಲ್ಲಿ ಬರೆದ, ಜಾರ್ಜ್ ಪೆರೆಜ್ ಮತ್ತು ರಾನ್ ಲಿಮ್ ಚಿತ್ರಿಸಿದ ಆರು ಸಂಚಿಕೆಗಳ 'ದಿ ಇನ್ಫಿನಿಟಿ ಗಾಂಟ್ಲೆಟ್' ಅದರ ಮೂಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕಾಮಿಕ್ಸೇ ಮೇಲು ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಸರ್ವಶಕ್ತ ವಸ್ತುವೊಂದನ್ನು ಕಥೆಯೊಳಗೆ ತಂದ ಲೇಖಕ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಂತೆ. ಏನು ಬೇಕಾದರೂ ಆಗಬಹುದು ಎಂದಾದ ಮೇಲೆ ಯಾವ ಹೋರಾಟಕ್ಕೂ ಬೆಲೆಯಿಲ್ಲ. ಸ್ಟಾರ್ಲಿನ್ ಇದನ್ನು ಚೆನ್ನಾಗಿ ಬಲ್ಲವನು. ಆದ್ದರಿಂದಲೇ ಅವನ ಕಣ್ಣು ಕೈಗವಸಿಗಿಂತ ಅದನ್ನು ತೊಟ್ಟವನ ಮೇಲಿದೆ. 1990ರಲ್ಲಿ ಬಂದ 'ದಿ ಥಾನೋಸ್ ಕ್ವೆಸ್ಟ್'ನ ಎರಡು ಸಂಚಿಕೆಗಳನ್ನೇ ನೋಡಿ. ಥಾನೋಸ್ ಕೈಗವಸಿನ ಆರು ರತ್ನಗಳನ್ನು ಒಂದೊಂದಾಗಿ ಕೈವಶ ಮಾಡಿಕೊಳ್ಳುತ್ತಾನೆ, ಹೆಚ್ಚಾಗಿ ಬುದ್ಧಿಯಿಂದ. ಚಾಂಪಿಯನ್ ಎಂಬ ಮಹಾಮಲ್ಲನ ಬಳಿ ಶಕ್ತಿಯ ರತ್ನವಿದೆ, ಆದರೆ ತನ್ನ ಬಲವೆಲ್ಲ ಅದರಿಂದಲೇ ಎಂಬುದು ಅವನಿಗೆ ತಿಳಿಯದು. ಥಾನೋಸ್ ಅವನನ್ನು ಕೆಣಕುತ್ತಾನೆ. ಅವನು ಸಿಟ್ಟಿನಿಂದ ಗುದ್ದಿದ ಏಟಿಗೆ ನಿಂತ ಗ್ರಹವೇ ಒಡೆದುಹೋಗುತ್ತದೆ. ನಿಲ್ಲಲು ನೆಲವಿಲ್ಲದೆ ತೇಲುವ ಮಲ್ಲ, ಬೇರೊಂದು ಗ್ರಹಕ್ಕೆ ಮುಟ್ಟಿಸಿದರೆ ಸಾಕೆಂದು ರತ್ನವನ್ನೇ ಕೊಟ್ಟುಬಿಡುತ್ತಾನೆ! ಕಲೆಕ್ಟರ್ ಎಂಬ ಸಂಗ್ರಾಹಕನದೂ ಅದೇ ಪಾಡು. ಕೈಲಿರುವ ರತ್ನದ ಬೆಲೆ ತಿಳಿಯದೆ, ಸಂಗ್ರಹಕ್ಕೆ ಇನ್ನೊಂದು ಅಪರೂಪದ ಜೀವಿ ಸಿಕ್ಕಿತೆಂದು ಅದಲು ಬದಲು ಮಾಡಿಕೊಳ್ಳುತ್ತಾನೆ. ಇಷ್ಟು ಪುಟಗಳಲ್ಲಿ ಅಧಿಕಾರದ ಬಗ್ಗೆ ಇಷ್ಟು ಹೇಳಿದ ಸೂಪರ್‌ಹೀರೋ ಕಾಮಿಕ್ಸ್ ನನಗೆ ಬೇರೆ ಕಂಡಿಲ್ಲ.

ಇಷ್ಟೆಲ್ಲ ಯಾಕೆ? ಕಾಮಿಕ್ಸ್‌ನ ಥಾನೋಸ್ ಮೃತ್ಯುದೇವತೆಯನ್ನು ಪ್ರೀತಿಸುತ್ತಾನೆ. ಅವಳನ್ನು ಮೆಚ್ಚಿಸಲೆಂದು ಅರ್ಧ ವಿಶ್ವವನ್ನು ಕೊಲ್ಲುತ್ತಾನೆ. ಅವಳು ತುಟಿ ಬಿಚ್ಚುವುದಿಲ್ಲ. ದೇವರಾದವನಿಗೂ ಒಂದು ಮಾತು ದಕ್ಕುವುದಿಲ್ಲ ಎಂಬ ಈ ಅವಮಾನವೇ ಇಡೀ ಕೃತಿಯ ಬೆನ್ನೆಲುಬು.

ಸಿನಿಮಾ ಈ ಬೆನ್ನೆಲುಬನ್ನು ಕಿತ್ತು ಅಲ್ಲಿ ಅರ್ಥಶಾಸ್ತ್ರವನ್ನು ಇಟ್ಟಿತು. ಜನ ಹೆಚ್ಚು, ಅನ್ನ ನೀರು ಕಡಿಮೆ, ಆದ್ದರಿಂದ ಅರ್ಧ ಜನ ಸಾಯಲಿ ಎಂಬುದು ಅಲ್ಲಿನ ಥಾನೋಸನ ವಾದ. ಜಾಶ್ ಬ್ರೋಲಿನ್ ಅದನ್ನು ಎಷ್ಟು ತೂಕವಾಗಿ ಆಡಿದ್ದಾನೆಂದರೆ, ಅವನು ಹೇಳಿದ್ದರಲ್ಲಿ ಏನು ತಪ್ಪು ಎಂದು ಕೇಳುವ ಬುದ್ಧಿವಂತರು ನಮ್ಮ ನಡುವೆಯೇ ಹುಟ್ಟಿಕೊಂಡರು. ತಪ್ಪು ಎಲ್ಲಿದೆಯೆಂದು ಲೆಕ್ಕ ಹಾಕಿ ನೋಡೋಣ. 2018ರಲ್ಲಿ ಭೂಮಿಯ ಜನಸಂಖ್ಯೆ ಸುಮಾರು 760 ಕೋಟಿ. ಅದರಲ್ಲಿ ಅರ್ಧ ಅಳಿಸಿದರೆ ಉಳಿಯುವುದು 380 ಕೋಟಿ, ಅಂದರೆ 1970ರ ದಶಕದ ಆರಂಭದಲ್ಲಿ ಇದ್ದಷ್ಟು. ಥಾನೋಸ್ 'ಐರನ್ ಮ್ಯಾನ್'ನ 55ನೇ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದೂ ಆಗಲೇ, 1973ರಲ್ಲಿ. ಆ ದಿನಗಳಲ್ಲಿ ಎಲ್ಲರ ಹೊಟ್ಟೆ ತುಂಬಿತ್ತೇ? 1972ರ ಬರದಲ್ಲಿ ಕಾಮಗಾರಿಗೆ ಹೋಗಿ ಕಲ್ಲು ಒಡೆದು ಬದುಕಿದ ಹಿರಿಯರು ವಿಜಯಪುರ, ಕಲಬುರಗಿ ಕಡೆ ಇನ್ನೂ ಇದ್ದಾರೆ, ಅವರನ್ನು ಕೇಳಿ. ತಲೆ ಎಣಿಸಿ ಹಸಿವನ್ನು ಅಳೆಯುವುದೇ ಸುಳ್ಳು ಲೆಕ್ಕ. ಅದಿರಲಿ, ಚಿಟಿಕೆ ಹೊಡೆದು ಅರ್ಧ ಜೀವಗಳನ್ನು ಅಳಿಸಬಲ್ಲ ಕೈ, ಚಿಟಿಕೆ ಹೊಡೆದು ನೀರನ್ನು ದುಪ್ಪಟ್ಟು ಮಾಡಲಾರದೇ? ಒಟ್ಟು ಸುಮಾರು ಐದೂವರೆ ಗಂಟೆಯ ಎರಡು ಸಿನಿಮಾಗಳಲ್ಲಿ ಒಬ್ಬ ನಾಯಕನೂ ಅವನನ್ನು ಇದನ್ನು ಕೇಳುವುದಿಲ್ಲ. ಹುಚ್ಚು ಪ್ರೇಮಿಯ ಕೊಲೆ ಕೊಲೆಯಾಗಿಯೇ ಕಾಣುತ್ತದೆ, ಲೆಕ್ಕಿಗನ ಕೊಲೆ ನೀತಿಯ ವೇಷ ಹಾಕಿ ಬರುತ್ತದೆ. ಇದು ನನಗೆ ಸಣ್ಣ ದೋಷವಾಗಿ ಕಾಣುವುದಿಲ್ಲ.

ಸಿನಿಮಾಕ್ಕೆ ಸಲ್ಲಬೇಕಾದ್ದು ಸಲ್ಲಲಿ. ಅಲ್ಲಿ ಶಕ್ತಿಗೆ ಬೆಲೆ ತೆರಬೇಕು. ಚಿಟಿಕೆ ಹೊಡೆದ ಥಾನೋಸನ ತೋಳು ಸುಡುತ್ತದೆ, ಹಲ್ಕ್‌ನ ತೋಳೂ ಸುಡುತ್ತದೆ, ಐರನ್ ಮ್ಯಾನ್ ಆದ ಟೋನಿ ಸ್ಟಾರ್ಕ್ ಸಾಯುತ್ತಾನೆ. ಕಾಮಿಕ್ಸ್‌ನ ಕೈಗವಸು ಹೀಗೆ ಮೈ ಸುಡುವುದಿಲ್ಲ. ಈ ಒಂದು ಕಡೆ ಸಿನಿಮಾದ ಕಲ್ಪನೆ ದೊಡ್ಡದು.

ಆದರೆ ಸೋಲಿನ ಬಗೆ ನೋಡಿ. ಕಾಮಿಕ್ಸ್‌ನಲ್ಲಿ ಥಾನೋಸ್ ತಾನೇ ವಿಶ್ವವಾದೆನೆಂಬ ಅಮಲಿನಲ್ಲಿ ತನ್ನ ದೇಹವನ್ನು ಬಿಟ್ಟು ಮೇಲೇರುತ್ತಾನೆ. ಅವನೇ ಹಿಂಸಿಸಿ ಅರೆಜೀವವಾಗಿಸಿದ್ದ ನೆಬ್ಯುಲಾ, ಕೆಳಗೆ ಉಳಿದ ಆ ದೇಹದಿಂದ ಕೈಗವಸನ್ನು ಕಳಚಿಕೊಳ್ಳುತ್ತಾಳೆ. ತಾನು ಇದಕ್ಕೆ ಯೋಗ್ಯನಲ್ಲ ಎಂಬುದು ಥಾನೋಸನ ಒಳಮನಸ್ಸಿಗೆ ಗೊತ್ತು, ಸೋಲಿನ ದಾರಿಯನ್ನು ಪ್ರತಿಸಲವೂ ಅವನೇ ತೆರೆದಿಡುತ್ತಾನೆ ಎಂದು ಅವನ ಎದುರಾಳಿ ಆ್ಯಡಂ ವಾರ್‌ಲಾಕ್ ಅವನ ಮುಖಕ್ಕೇ ಹೇಳುತ್ತಾನೆ. ಯಕ್ಷಗಾನದಲ್ಲಿ ಭಸ್ಮಾಸುರ ಮೋಹಿನಿಯ ಪ್ರಸಂಗ ನೋಡಿ ಬೆಳೆದವರಿಗೆ ಇದು ಥಟ್ಟನೆ ಹಿಡಿಸಬೇಕು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲೆಂದು ಶಿವನೇ ಕೊಟ್ಟ ವರವನ್ನು ಹೊರಗಿನ ಯಾವ ಶಕ್ತಿಯೂ ಗೆಲ್ಲಲಿಲ್ಲ. ಅಸುರ ಬಯಸಿ ಕುಣಿದ, ಕುಣಿಯುತ್ತ ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟ. ಚೆಂಡೆಯ ಗತಿ ಏರುತ್ತಿದ್ದಂತೆ, ಆ ಕೈ ಸೊಂಟ ಬಿಟ್ಟು ಭುಜಕ್ಕೆ, ಭುಜ ಬಿಟ್ಟು ಮೇಲಕ್ಕೆ ಹೋಗುವಾಗ ಪ್ರೇಕ್ಷಕರ ಉಸಿರು ಹಿಡಿದಿರುತ್ತದೆ. ಕೈಯೇ ಅಸ್ತ್ರ, ಬಯಕೆಯೇ ಬಲೆ. ಸ್ಟಾರ್ಲಿನ್ ತಾನಾಗಿಯೇ ಈ ಎತ್ತರಕ್ಕೆ ಬಂದಿದ್ದಾನೆ. 'ಎಂಡ್‌ಗೇಮ್'ನಲ್ಲಿ ಮಾತ್ರ ಕಲ್ಲುಗಳು ಗುಟ್ಟಾಗಿ ಸ್ಟಾರ್ಕ್‌ನ ಕೈಗೆ ಜಾರುತ್ತವೆ. ಕೈಚಳಕದಿಂದ ಕಥೆ ಮುಗಿಯುತ್ತದೆ.

ಮುಗಿದ ಮೇಲಾದರೂ ಏನು? ಸ್ಟಾರ್ಕ್‌ನ ಚಿಟಿಕೆ ಥಾನೋಸನ ಇಡೀ ಸೈನ್ಯವನ್ನು ಬೂದಿ ಮಾಡಿತು. ಸಿನಿಮಾ ಸ್ಟಾರ್ಕ್‌ಗೆ ಶೋಕಿಸುತ್ತದೆ. ಅಂಥ ಅಧಿಕಾರ ಒಬ್ಬನ ಕೈಯಲ್ಲಿ ಇರಬಹುದೇ ಎಂದು ಯಾರೂ ಕೇಳುವುದಿಲ್ಲ. ಸ್ಟಾರ್ಲಿನ್ 1992ರಲ್ಲಿ ಶುರು ಮಾಡಿದ 'ವಾರ್‌ಲಾಕ್ ಆ್ಯಂಡ್ ದಿ ಇನ್ಫಿನಿಟಿ ವಾಚ್'ನ ಮೊದಲ ಸಂಚಿಕೆಯೇ ಒಂದು ವಿಚಾರಣೆ. ಕೊನೆಗೆ ಕೈಗವಸನ್ನು ಗೆದ್ದ ವಾರ್‌ಲಾಕ್ ಅಲ್ಲಿ ಕಟಕಟೆಯಲ್ಲಿದ್ದಾನೆ. ರತ್ನಗಳನ್ನು ಒಬ್ಬನೇ ಇಟ್ಟುಕೊಳ್ಳುವಂತಿಲ್ಲ ಎಂದು ತೀರ್ಪಾಗುತ್ತದೆ. ಅವನು ಒಂದನ್ನು ಉಳಿಸಿಕೊಂಡು ಉಳಿದವನ್ನು ಹಂಚುತ್ತಾನೆ, ಒಂದನ್ನು ಗುಟ್ಟಾಗಿ ಥಾನೋಸನಿಗೇ ಕೊಡುತ್ತಾನೆ. ಇವನ್ನು ಓದಬೇಕೆನ್ನುವವರಿಗೆ, 1977ರಲ್ಲಿ ಆರ್ಲಿಂಗ್ಟನ್‌ನಲ್ಲಿ ಹುಟ್ಟಿದ ಲೋನ್ ಸ್ಟಾರ್ ಕಾಮಿಕ್ಸ್‌ನಂಥ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ. ಮನೆಯ ಮಕ್ಕಳಿಗೆ ಆಟಿಕೆಯ ಕೈಗವಸು ಕೊಡಿಸಿದವರು ಈ ಹಳೆಯ ಸಂಚಿಕೆಗಳನ್ನೂ ತಂದುಕೊಡಲಿ, 'ಥಾನೋಸ್ ಕ್ವೆಸ್ಟ್'ನಿಂದ ಶುರು ಮಾಡಿ.