‘ಹಸಿವಿನ ಹಾರ್ಮೋನು’ ಎಂಬ ಪದದ ವಿಮರ್ಶೆ

ಶಾಸ್ತ್ರವಿಷಯಗಳನ್ನು ಕನ್ನಡಿಸುವವರು ಪರಿಭಾಷೆಯಲ್ಲಿ ಎಷ್ಟು ಎಚ್ಚರದಿಂದಿದ್ದರೂ ಸಾಲದೆಂಬುದಕ್ಕೆ ಒಂದು ನಿದರ್ಶನವನ್ನು ವಾಚಕರ ಮುಂದಿಡುವೆನು. ಜಠರದಲ್ಲಿ ಹುಟ್ಟುವ ಗ್ರೆಲಿನನ್ನು ನಮ್ಮ ಲೇಖಕರು ‘ಹಸಿವಿನ ಹಾರ್ಮೋನು’ ಎಂದು ಕರೆಯುವರು. ಮಾತು ಸುಲಭವಾದುದು, ನಾನೂ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಟ್ಟವನು. ಆದರೂ ಅದು ಸದೋಷವೆಂದು ಈಗ ಒಪ್ಪಬೇಕಾಗಿದೆ.

1999ರಲ್ಲಿ ಜಪಾನಿನ ಕೊಜಿಮ, ಕಂಗಾವ ಮೊದಲಾದವರು ಈ ದ್ರವ್ಯವನ್ನು ಇಲಿಯ ಜಠರದಲ್ಲಿ ಕಂಡರು. ಇದು ಪಿಟ್ಯುಟರಿ ಗ್ರಂಥಿಯಿಂದ ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವುದರಿಂದ, ಇಂಡೋ-ಯೂರೋಪಿಯನ್ ಮೂಲಭಾಷೆಯ ‘ಬೆಳೆ’ ಎಂಬರ್ಥದ ಧಾತುವನ್ನು ಹಿಡಿದು ಹೆಸರಿಟ್ಟರು. ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಇದು ಹಸಿವನ್ನು ಕೆರಳಿಸುವುದೆಂಬುದು ಅನಂತರ ತಿಳಿಯಿತು. ನಮ್ಮವರು ಈ ಎರಡನೆಯ ಗುಣವನ್ನೇ ಹೆಸರಾಗಿ ಮಾಡಿದರು.

ಕೋಳಿಮರಿಯಲ್ಲಾದರೋ ಪರಿಣಾಮವು ವಿಪರೀತ. ಮೆದುಳಿನ ಕುಹರಕ್ಕೆ ಗ್ರೆಲಿನನ್ನು ಸೇರಿಸಿದೊಡನೆ ಮರಿಯು ಮೇವನ್ನು ಕಡಮೆ ಮಾಡುವುದೆಂದು ಫುರುಸೆ ಮೊದಲಾದವರು 2001ರಲ್ಲಿ ಪ್ರಕಟಿಸಿದರು. ಮನುಷ್ಯನ ಗ್ರೆಲಿನಿನಲ್ಲಿ 28, ಕೋಳಿಯದರಲ್ಲಿ 26 ಅಮೈನೋ ಆಮ್ಲಗಳು. ವಸ್ತು ಬಹುಮಟ್ಟಿಗೆ ಒಂದೇ, ಫಲ ಬೇರೆ. ಬೆಳವಣಿಗೆಯ ಹಾರ್ಮೋನನ್ನು ಹೊರಡಿಸುವ ಗುಣವು ಕೋಳಿಯಲ್ಲಿಯೂ ಉಂಟು. ಆದುದರಿಂದ ಮೂಲನಾಮವು ಅಲ್ಲಿ ಸಾರ್ಥಕ, ನಮ್ಮ ಅನುವಾದವು ಅನೃತ.

ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಹಸಿವನ್ನುಂಟುಮಾಡುವುದೆಂಬ ಲಕ್ಷಣಕ್ಕೆ ಕೋಳಿಮರಿಯ ಗ್ರೆಲಿನಿನಲ್ಲಿ ಅವ್ಯಾಪ್ತಿ. ಅಷ್ಟೇ ಅಲ್ಲ, ಮೆದುಳಿನ ಹೈಪೋಥಲಾಮಸಿನಲ್ಲಿ ಹುಟ್ಟುವ ನ್ಯೂರೋಪೆಪ್ಟೈಡ್-ವೈ ಎಂಬುದು ಕೋಳಿಮರಿಯಲ್ಲಿ ಮೇವಿನಾಸೆಯನ್ನು ಬಲವಾಗಿ ಹೆಚ್ಚಿಸುವುದು, ಅಲ್ಲಿ ಅತಿವ್ಯಾಪ್ತಿ. ಪಾಶ್ಚಾತ್ಯರೂ ಈ ದೋಷದಿಂದ ಮುಕ್ತರಲ್ಲ. ಗ್ರೀಕರ ‘ಹಸಿವು’ ಎಂಬ ಶಬ್ದದಿಂದ 1998ರಲ್ಲಿ ಹೆಸರು ಪಡೆದ ಒರೆಕ್ಸಿನ್, ಎಳೆಯ ಕೋಳಿಮರಿಯ ಮೆದುಳನ್ನು ಸೇರಿಯೂ ಅದರ ಮೇವನ್ನು ಹೆಚ್ಚಿಸಲಿಲ್ಲ.

ಇಲ್ಲಿ ಪೂರ್ವಪಕ್ಷವೊಂದುಂಟು: ‘ಕುಶಲ’ ಎಂದರೆ ದರ್ಭೆಯನ್ನು ಕೊಯ್ಯುವವನೆಂದು ಈಗ ಯಾರು ತಿಳಿವರು? ರೂಢಿಯು ಯೋಗಾರ್ಥವನ್ನು ಗೆಲ್ಲದೇ? ಗೆಲ್ಲುವುದು, ಆದರೆ ರೂಢಿಯು ಬಲಿತ ಮೇಲೆ. ಹೊಸ ಪದವನ್ನು ಕೇಳುವ ವಿದ್ಯಾರ್ಥಿಗೆ ಅವಯವಾರ್ಥವೊಂದೇ ಗತಿ. ಅದು ತಪ್ಪಿದರೆ ಅವನ ತಿಳಿವೂ ತಪ್ಪುವುದು.

ಹಸಿವು ಜೀವಿಯ ಅನುಭವ. ಇದೇ ಮಂಗಳೂರಿನಲ್ಲಿ ತುಳುವರು ಅದನ್ನು ‘ಬಡವು’ ಎನ್ನುವರು, ಕೊಂಕಣಿಗರು ‘ಭೂಕ್’ ಎನ್ನುವರು. ಗ್ರೆಲಿನ್ ಒಂದು ದ್ರವ್ಯ. ಅನುಭವದ ಹೆಸರನ್ನು ದ್ರವ್ಯಕ್ಕೆ ಹೊರಿಸಲಾಗದು. 1894ರಲ್ಲಿ ಇಲ್ಲಿಯ ಬಾಸೆಲ್ ಮಿಷನ್ನಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟು ಶಬ್ದಾರ್ಥಕ್ಕೆ ಪ್ರಯೋಗವನ್ನು ಸಾಕ್ಷಿಯಾಗಿ ತಂದಿತು. ಶಾಸ್ತ್ರಪದಕ್ಕೆ ವಸ್ತುಸ್ಥಿತಿಯೇ ಸಾಕ್ಷಿ. ಆದುದರಿಂದ ‘ಗ್ರೆಲಿನ್’ ಎಂಬುದನ್ನೇ ಕನ್ನಡದಲ್ಲಿ ಉಳಿಸಿ, ಅದರ ಕಾರ್ಯವನ್ನು ಆಯಾ ಪ್ರಾಣಿಗೆ ತಕ್ಕಂತೆ ವಾಕ್ಯದಲ್ಲಿ ವಿವರಿಸುವುದು ಯುಕ್ತವೆಂದು ನನ್ನ ಅಭಿಪ್ರಾಯ. ದೇಶ್ಯಪದದ ಮೇಲಣ ಪ್ರೀತಿ ದೊಡ್ಡದು. ಸತ್ಯದ ಮೇಲಣ ಪ್ರೀತಿ ಅದಕ್ಕಿಂತ ದೊಡ್ಡದು.