ಶ್ರುತಿ ಕದಲಿದ ನೆನಪು

ಬೋರ್ಡ್ಸ್ ಆಫ್ ಕೆನಡಾ ಎಂಬ ಎಲೆಕ್ಟ್ರಾನಿಕ್ ಸಂಗೀತ ಜೋಡಿಯ ಆಲ್ಬಂ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ 1998ರ ಏಪ್ರಿಲ್‌ನಲ್ಲಿ ಬಂದಾಗಿನಿಂದ ಅದನ್ನು ಮೆಚ್ಚಿದವರು ಹೇಳುತ್ತಾ ಬಂದಿರುವ ಮಾತು ಒಂದೇ: ಬಾಲ್ಯದ ಹಂಬಲ. ಈ ಮೆಚ್ಚುಗೆ ಆಲ್ಬಮ್ಮನ್ನು ಸಣ್ಣದು ಮಾಡುತ್ತದೆ. ಕಳೆದುಹೋದದ್ದಕ್ಕಾಗಿ ಇಲ್ಲಿ ಯಾರೂ ಕೊರಗುತ್ತಿಲ್ಲ. ನಮ್ಮದೆಂದು ನಂಬಿರುವ ನೆನಪುಗಳಲ್ಲಿ ನಾವು ಬದುಕಿದ್ದೆಷ್ಟು, ಟಿವಿ ತುಂಬಿಸಿದ್ದೆಷ್ಟು ಎಂಬ ಗುಮಾನಿಯೇ ಇದರ ವಸ್ತು.

ಮೈಕಲ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಇಯೋನ್ ಸ್ಕಾಟ್ಲೆಂಡಿನ ಅಣ್ಣತಮ್ಮಂದಿರು. ಎಳವೆಯಲ್ಲಿ ಸ್ವಲ್ಪ ಕಾಲ ಕೆನಡಾದಲ್ಲಿದ್ದವರು. ತಂಡದ ಹೆಸರು ಬಂದದ್ದು ‘ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾ’ದ ಸಾಕ್ಷ್ಯಚಿತ್ರಗಳಿಂದ. ಅಂಥ ಚಿತ್ರಗಳ ಸವೆದ ರೀಲುಗಳಲ್ಲಿ ಸಿಂತಸೈಜರ್ ನಡುಗುವ ಬಗೆಯನ್ನೇ ಇವರು ತಮ್ಮ ಶೈಲಿಯಾಗಿಸಿಕೊಂಡರು. ಟೇಪಿನ ಓಟ ತಪ್ಪಿದಂತೆ ಸ್ವರ ಕೂದಲೆಳೆಯಷ್ಟು ಮೇಲೆ ಕೆಳಗೆ ಜಾರುತ್ತದೆ. ‘ರಾಯ್‌ಜಿಬಿವ್’ ಎಂಬ ಟ್ರ್ಯಾಕಿನ ಹಾಡಿಕೊಳ್ಳಬಹುದಾದಷ್ಟು ಸರಳ ರಾಗ ಕೂಡ ಒಂದೇ ಶ್ರುತಿಯಲ್ಲಿ ನಿಲ್ಲದು. ಇಂಪಿದೆ, ನೆಮ್ಮದಿಯಿಲ್ಲ.

‘ಅಕ್ವೇರಿಯಸ್’ನಲ್ಲಿ ಈ ಕಸುಬು ಉತ್ತುಂಗದಲ್ಲಿದೆ. ಪಾಠ ಹೇಳುವ ಧಾಟಿಯಲ್ಲಿ ಒಂದು ದನಿ ಅಂಕಿ ಎಣಿಸುತ್ತಾ ಹೋಗುತ್ತದೆ. ನಡುವೆ ಮಕ್ಕಳ ನಗು. ಎಣಿಕೆ ಮೆಲ್ಲಗೆ ಕ್ರಮ ತಪ್ಪುತ್ತದೆ. ಬೀಟು ಮಾತ್ರ ಏನೂ ಆಗಿಲ್ಲವೆಂಬಂತೆ ಸಾಗುತ್ತಿರುತ್ತದೆ. ಕಲಿಸುವ ದನಿಯೇ ದಾರಿ ತಪ್ಪಿದರೂ ಪಾಠ ನಿಲ್ಲದಿರುವುದು ಯಾವ ಭೂತದ ಕಥೆಗಿಂತಲೂ ಕಡಿಮೆ ಭಯದ್ದಲ್ಲ.

ಈ ಸಂಗೀತದ ಪೂರ್ವಿಕರನ್ನು ಗುರುತಿಸುವುದು ಕಷ್ಟವಲ್ಲ. ‘ಟೆಲಿಫೇಸಿಕ್ ವರ್ಕ್‌ಶಾಪ್’ ಎಂಬ ಟ್ರ್ಯಾಕಿನ ಹೆಸರು ಕೇಳಿದರೆ 1958ರಲ್ಲಿ ಶುರುವಾದ ಬಿಬಿಸಿಯ ಧ್ವನಿಪ್ರಯೋಗ ಶಾಲೆ ರೇಡಿಯೋಫೋನಿಕ್ ವರ್ಕ್‌ಶಾಪ್ ನೆನಪಾಗುತ್ತದೆ. 1963ರಲ್ಲಿ ಡೆಲಿಯಾ ಡರ್ಬಿಶೈರ್ ಟೇಪು ಕತ್ತರಿಸಿ ಜೋಡಿಸಿ ‘ಡಾಕ್ಟರ್ ಹೂ’ ಟಿವಿ ಸರಣಿಯ ಶೀರ್ಷಿಕೆ ಸಂಗೀತಕ್ಕೆ ರೂಪ ಕೊಟ್ಟದ್ದು ಅಲ್ಲೇ. ಬ್ರಿಟಿಷ್ ಮಕ್ಕಳಿಗೆ ವಿಜ್ಞಾನಕಥೆಯ ಭವಿಷ್ಯ ಹೇಗೆ ಕೇಳಿಸುತ್ತದೆಂದು ಕಲಿಸಿದ ಸದ್ದು ಅದು. ಜರ್ಮನಿಯ ಪ್ರಾಯೋಗಿಕ ರಾಕ್ ಪ್ರಕಾರ ಕ್ರೌಟ್‌ರಾಕ್ ಜೊತೆಗೂ ಹೋಲಿಕೆ ಸಾಧ್ಯ, ಆದರೆ ವ್ಯತ್ಯಾಸ ಮುಖ್ಯ. 1972ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಕ್ಲೌಸ್ ಡಿಂಗರ್ ಮತ್ತು ಮೈಕಲ್ ರೋಟರ್‌ರ ‘ನಾಯ್!’ ಜೋಡಿ ನುಡಿಸಿದ ‘ಹಲ್ಲೋಗಲ್ಲೋ’ದಲ್ಲಿ ಪುನರಾವರ್ತನೆ ಮುಂದಕ್ಕೆ ಓಡಿಸುತ್ತದೆ. ಬೋರ್ಡ್ಸ್ ಆಫ್ ಕೆನಡಾದಲ್ಲಿ ಅದೇ ಪುನರಾವರ್ತನೆ ಸುತ್ತಿ ಸುತ್ತಿ ಅಲ್ಲೇ ನಿಲ್ಲಿಸುತ್ತದೆ. ಬರಬೇಕಾಗಿದ್ದ ನಾಳೆ ಬರಲಿಲ್ಲ ಎಂಬ ಭಾವ ಹುಟ್ಟುವುದು ಈ ತಾಳದಿಂದಲೇ. ಹೋದದ್ದು, ಬಾರದ್ದು ಎರಡೂ ವರ್ತಮಾನವನ್ನು ಭೂತದಂತೆ ಕಾಡುವುದಕ್ಕೆ ಫ್ರೆಂಚ್ ಚಿಂತಕ ದೆರಿದಾ 1993ರಲ್ಲಿ ಬಳಸಿದ ‘ಹಾಂಟಾಲಜಿ’ ಎಂಬ ಪದವನ್ನು ವಿಮರ್ಶಕರಾದ ಮಾರ್ಕ್ ಫಿಶರ್, ಸೈಮನ್ ರೆನಾಲ್ಡ್ಸ್ ಸಂಗೀತಕ್ಕೆ ತಂದದ್ದು 2000ದ ದಶಕದ ನಡುವಿನಲ್ಲಿ. ಅಂದರೆ ಸಂಗೀತದ ಆ ಸಿದ್ಧಾಂತಕ್ಕಿಂತ ಮೊದಲೇ ಇಲ್ಲಿ ಉದಾಹರಣೆ ಸಿದ್ಧವಾಗಿತ್ತು.

ಕೊರತೆಗಳಿಲ್ಲವೆಂದಲ್ಲ. ‘ರೂ ದ ವರ್ಲ್’ ತನ್ನಲ್ಲಿರುವ ವಿಚಾರಕ್ಕಿಂತ ಉದ್ದವಾಗಿದೆ. ಕೆಲವು ಹಿಪ್‌ಹಾಪ್ ಬೀಟುಗಳು ತೊಂಬತ್ತರ ದಶಕದ ಮೊಹರು ಹೊತ್ತಿವೆ. ಬದಲಿಗೆ ‘ಬೊಕ್ಯುಮಾ’, ‘ಓಲ್ಸನ್’ ಥರದ ಒಂದೂವರೆ ನಿಮಿಷದ ತುಣುಕುಗಳು ಬೀಟಿನ ಹಂಗಿಲ್ಲದೆ ಹೆಚ್ಚು ಕಾಡುತ್ತವೆ.

ಇವರ ಹಿಂದೆ ಬಂದ ಬಹಳಷ್ಟು ಜನ ಟೇಪಿನ ನಡುಕವನ್ನು ಕಲಿತರು, ಗುಮಾನಿಯನ್ನು ಬಿಟ್ಟರು. ಈಗ ಆ ನಡುಕ ಯಾವ ಸಂಗೀತ ಸಾಫ್ಟ್‌ವೇರಿನಲ್ಲೂ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಆದರೂ ಈ ಆಲ್ಬಂ ಹಳತಾಗಿಲ್ಲ, ಏಕೆಂದರೆ ಅದು ಹಳೆಯ ಸದ್ದನ್ನು ನಂಬಿ ಕೂತಿಲ್ಲ.