ಮುನ್ನೋಟಕ್ಕೆ ಇಷ್ಟೊಂದು ಅಲಂಕಾರ ಏಕೆ?

1980ರಲ್ಲಿ ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ ಪ್ರಕಟಿಸಿದ ಒಂದು ಚಿತ್ರವನ್ನು ತ್ರೀಡಿ ಕೆಲಸದ ನಂಟಿರುವವರು ಎಲ್ಲಾದರೂ ನೋಡಿಯೇ ಇರುತ್ತಾರೆ. ಕೆಂಪು-ಹಳದಿ ಚೌಕುಳಿಯ ನೆಲ, ಅದರ ಮೇಲೆ ತೇಲುವ ಎರಡು ಗೋಲಗಳು. ಒಂದು ಗಾಜಿನದು, ಇನ್ನೊಂದರ ಮೈ ಕನ್ನಡಿಯಂಥದ್ದು. ಬೆಳಕಿನ ಕಿರಣವನ್ನು ನೋಡುವ ಕಣ್ಣಿನಿಂದ ಹಿಮ್ಮುಖವಾಗಿ ಬೆನ್ನಟ್ಟಿ, ಅದು ಎಲ್ಲಿ ಪುಟಿಯಿತು, ಎಲ್ಲಿ ಬಾಗಿತು ಎಂದು ಲೆಕ್ಕ ಹಾಕಿ ಮೂಡಿಸಿದ ಚಿತ್ರ. ಅಂದಿನ ವ್ಯಾಕ್ಸ್ ಕಂಪ್ಯೂಟರು ಅದೊಂದಕ್ಕೆ 74 ನಿಮಿಷ ತೆಗೆದುಕೊಂಡಿತ್ತು. ಇವತ್ತು ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ, ದೃಶ್ಯವನ್ನು ಆ ಕ್ಷಣವೇ ಮೂಡಿಸುವ ರಿಯಲ್ ಟೈಮ್ ವ್ಯೂವರ್ ತೆರೆದರೆ ಸೆಕೆಂಡಿಗೆ 60 ಚಿತ್ರ ಬರಬಹುದು. ಒಂದೊಂದಕ್ಕೂ ಸಿಗುವ ಕಾಲ 16.7 ಮಿಲಿಸೆಕೆಂಡು. ಇದನ್ನು ವೇಗದ ಕಥೆಯಾಗಿ ಹೇಳುವುದು ರೂಢಿ. ನನಗೆ ಇದು ಪ್ರಶ್ನೆ ಬದಲಾದ ಕಥೆಯಾಗಿ ಕಾಣುತ್ತದೆ. ಒಂದು ಗಂಟೆ ಕಾಯಬೇಕಾದವನು ಕೇಳುವುದು 'ಮುಗಿಯಿತೇ?' ಎಂದು. ಕಾಯದೆ ನೋಡಬಲ್ಲವನು ಕೇಳುವುದು 'ಹೀಗೆ ಮಾಡಿದರೆ?' ಎಂದು. ಗೋಡೆಯನ್ನು ಒಂದಡಿ ಹಿಂದಕ್ಕೆ ಸರಿಸಿದರೆ? ಕಿಟಕಿಯ ತಳ ಇಳಿಸಿದರೆ? ದೀಪವನ್ನು ಮೂಲೆಗೆ ತಳ್ಳಿದರೆ? ವ್ಯೂವರಿನ ನಿಜವಾದ ಬೆಲೆ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. ಹಾಗಿದ್ದೂ ನಾವು ಅದನ್ನು ಮೊದಲನೆಯದಕ್ಕೇ, ಅಂದರೆ ಮುಗಿದಂತೆ ಕಾಣುವ ಚಿತ್ರವನ್ನು ಬೇಗ ಪಡೆಯುವುದಕ್ಕೇ ದುಡಿಸುತ್ತಿದ್ದೇವೆ ಎಂಬುದು ಈ ವಾರದ ತಕರಾರು.

'ಹೀಗೆ ಮಾಡಿದರೆ?' ಎಂಬ ಪ್ರಶ್ನೆಯ ಬಲ ನೋಡಬೇಕಿದ್ದರೆ ಲಾಟ್ವಿಯಾದ 'ಫ್ಲೋ' ಸಿನಿಮಾ ಇದೆ. ಗಿಂಟ್ಸ್ ಜಿಲ್ಬಲೋಡಿಸ್ ನಿರ್ದೇಶನದ, ಒಂದೂ ಮಾತಿಲ್ಲದ ಈ ಬೆಕ್ಕಿನ ಕಥೆ 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಗೆದ್ದಿತು. ತಯಾರಾದದ್ದು ಉಚಿತವಾಗಿ ಸಿಗುವ ತ್ರೀಡಿ ತಂತ್ರಾಂಶ ಬ್ಲೆಂಡರ್‌ನಲ್ಲಿ. ಕೊನೆಯ ಚಿತ್ರಿಕೆ ಹೊರಬಂದದ್ದೂ ಅದರ ರಿಯಲ್ ಟೈಮ್ ಎಂಜಿನ್ ಈವೀಯಿಂದಲೇ. ಈವೀ ಬಂದದ್ದು 2019ರ ಜುಲೈನಲ್ಲಿ, ಬ್ಲೆಂಡರ್ 2.80ರ ಜೊತೆಗೆ. ಜಿಲ್ಬಲೋಡಿಸ್ ಮಾಯಾ ತಂತ್ರಾಂಶ ಬಿಟ್ಟು ಬ್ಲೆಂಡರಿಗೆ ಹೊರಳಿದ್ದು ಮುಖ್ಯವಾಗಿ ಅದಕ್ಕಾಗಿ. 4ಕೆ ಗಾತ್ರದ ಒಂದು ಫ್ರೇಮಿಗೆ ಅರ್ಧ ಸೆಕೆಂಡಿನಿಂದ ಹತ್ತು ಸೆಕೆಂಡು ಸಾಕಾಯಿತಂತೆ. ಆದರೆ ಇಲ್ಲಿ ಗಮನಿಸಬೇಕಾದದ್ದು ಉಳಿದ ಸಮಯವನ್ನಲ್ಲ. ಅವರು ಸ್ಟೋರಿಬೋರ್ಡ್ ಬರೆಯಲಿಲ್ಲ. ಕಾಡು, ನೀರು, ದೋಣಿಗಳನ್ನು ಒರಟಾಗಿ ಕಟ್ಟಿಕೊಂಡು, ಅದರೊಳಗೆ ಕ್ಯಾಮೆರಾ ಹಿಡಿದು ಅಲೆದು ಶಾಟ್‌ಗಳನ್ನು ಹುಡುಕಿಕೊಂಡರು. ಬೆಕ್ಕಿನ ಬೆನ್ನು ಹತ್ತಿ ತಡೆಯಿಲ್ಲದೆ ಸಾಗುವ ಆ ಉದ್ದನೆಯ ಶಾಟ್‌ಗಳು ಕಾಗದದ ಚೌಕಗಳಲ್ಲಿ ಹೊಳೆಯುವಂಥವಲ್ಲ. ಮೆಚ್ಚಬೇಕಾದ ಇನ್ನೊಂದು ಸಂಗತಿಯೂ ಇದೆ. ಬೆಕ್ಕಿನ ಮೈಕೂದಲನ್ನು ಎಳೆ ಎಳೆಯಾಗಿ ತೋರಿಸುವ ಹಟಕ್ಕೆ ಅವರು ಬೀಳಲಿಲ್ಲ. ಅದು ಕುಂಚದಿಂದ ತೀಡಿದಂತಿದೆ. ಉಪಕರಣಕ್ಕೆ ಏನು ಬಾರದು ಎಂದು ಬಲ್ಲವರ ಕೆಲಸ ಅದು.

ಹಾಗಾದರೆ ಅದಕ್ಕೆ ಬಾರದ್ದು ಏನು? ರಿಯಲ್ ಟೈಮ್ ಎಂಜಿನ್ನು ಸಾಮಾನ್ಯವಾಗಿ ಬೆಳಕಿನ ಬೆನ್ನಟ್ಟಿ ಹೋಗುವುದಿಲ್ಲ. ದೃಶ್ಯದ ತ್ರಿಕೋನಗಳನ್ನು ಪರದೆಯ ಮೇಲೆ ಅಚ್ಚೊತ್ತಿ, ಆಮೇಲೆ ನೆರಳು, ಪ್ರತಿಬಿಂಬ, ಪುಟಿದ ಬೆಳಕು ಎಂದು ಒಂದೊಂದನ್ನೂ ಒಂದೊಂದು ಉಪಾಯದಿಂದ ಹೊಂದಿಸುತ್ತದೆ. ಪ್ರತಿಬಿಂಬದ ಉಪಾಯ ನೋಡಿ: ಪರದೆಯ ಮೇಲೆ ಆಗಲೇ ಮೂಡಿರುವುದರಲ್ಲೇ ಹುಡುಕಿ ತಂದು ಅಂಟಿಸುವುದು. ಹೀಗಾಗಿ ಎದುರಿಗಿರುವ ಡ್ರೆಸಿಂಗ್ ಟೇಬಲ್ಲಿನ ಕನ್ನಡಿ, ನಮ್ಮ ಬೆನ್ನ ಹಿಂದಿನ ಬಾಗಿಲನ್ನು ತೋರಿಸಲಾರದು. ಆ ಬಾಗಿಲು ಪರದೆಯ ಮೇಲೆ ಇಲ್ಲವಲ್ಲ. 2024ರ ಜುಲೈನಲ್ಲಿ ಬ್ಲೆಂಡರ್ 4.2ರೊಂದಿಗೆ ಈವೀಯನ್ನು ಬುಡದಿಂದ ಹೊಸದಾಗಿ ಬರೆದರು. ಆಗಲೂ ಈ ಮೂಲ ಮಿತಿ ಹೋಗಲಿಲ್ಲ; ಕನ್ನಡಿಗೆಂದೇ ಸುತ್ತಣ ದೃಶ್ಯವನ್ನು ಬೇರೆಯಾಗಿ ಸೆರೆಹಿಡಿಯುವ ಪ್ರೋಬ್ ಇಟ್ಟು ಸಂಭಾಳಿಸಬೇಕು. ಇನ್ನು ತೆಳು ಗೋಡೆಯ ಬುಡದಲ್ಲಿ ಸೋರುವ ಬೆಳಕು, ನೆಲಕ್ಕೆ ತಾಗದೆ ತೇಲುವಂತೆ ಕಾಣುವ ಕುರ್ಚಿ ಕಾಲು ಇವೆಲ್ಲ ಹಳೆಯ ಪರಿಚಯಸ್ಥರು. ಈ ದೋಷಗಳ ಪಟ್ಟಿ ಓದಿ ಕೆಲವರು ಇಡೀ ಪದ್ಧತಿಯನ್ನೇ ಆಟಿಕೆ ಎಂದು ತಳ್ಳಿಹಾಕುತ್ತಾರೆ. ಅದು ಅವಸರದ ತೀರ್ಪು. ಕೋಣೆಯ ಉದ್ದಗಲ, ಕಿಟಕಿಯ ಜಾಗ, ಕ್ಯಾಮೆರಾದ ಕೋನ, ಒಂದು ವಸ್ತು ಇನ್ನೊಂದನ್ನು ಮರೆಮಾಡುವ ಬಗೆ ಇವ್ಯಾವುವೂ ಈ ತಪ್ಪುಗಳಿಂದ ಕೆಡುವುದಿಲ್ಲ. ವಿನ್ಯಾಸದ ಹೆಚ್ಚಿನ ನಿರ್ಧಾರಗಳು ಆಗುವುದು ಅಲ್ಲೇ. ಅದೂ ಅಲ್ಲದೆ ಸೋರುವ ಬೆಳಕು ಸೋರುತ್ತಿದೆ ಎಂದು ಕಣ್ಣಿಗೆ ಕಾಣುತ್ತದೆ. ಕಾಣುವ ಸುಳ್ಳಿಗೆ ಯಾರೂ ಮೋಸ ಹೋಗುವುದಿಲ್ಲ.

ಮೋಸ ಮಾಡುವ ಸುಳ್ಳು ಬೇರೆ ಕಡೆ ಇದೆ, ಕ್ಯಾಮೆರಾದಲ್ಲಿ. ವಾಸ್ತುಶಿಲ್ಪಿಗಳು ಬಳಸುವ ಲೂಮಿಯನ್, ಎನ್‌ಸ್ಕೇಪ್, ಟ್ವಿನ್‌ಮೋಷನ್‌ನಂಥ ವ್ಯೂವರುಗಳಲ್ಲಿ ಯಾವುದನ್ನೇ ತೆಗೆದುಕೊಳ್ಳಿ, ಕೋಣೆ 'ಚೆನ್ನಾಗಿ' ಕಾಣಬೇಕೆಂದು ಮೊದಲು ಮಾಡುವ ಕೆಲಸ ನೋಟವನ್ನು ಅಗಲಿಸುವುದು. 36 ಮಿಲಿಮೀಟರ್ ಅಗಲದ ಸೆನ್ಸರಿಗೆ 18 ಮಿಲಿಮೀಟರ್ ಲೆನ್ಸ್ ಕೊಟ್ಟರೆ ನೋಟದ ಅಗಲ 90 ಡಿಗ್ರಿ; 50 ಮಿಲಿಮೀಟರ್ ಕೊಟ್ಟರೆ ಸುಮಾರು 40. ಮೊದಲನೆಯದರಲ್ಲಿ ಹತ್ತಡಿಗೆ ಹತ್ತಡಿಯ ಮಲಗುವ ಕೋಣೆ ಮದುವೆಯ ಹಾಲ್‌ನಂತೆ ಹರಡಿಕೊಳ್ಳುತ್ತದೆ, ಮಂಚದಿಂದ ಬೀರುವಿಗೆ ಆಟೋ ಹಿಡಿಯಬೇಕೇನೋ ಎನ್ನಿಸುತ್ತದೆ. ಎರಡನೆಯ ಸುಳ್ಳು ಇನ್ನೂ ನಯವಾದದ್ದು: ಎಕ್ಸ್‌ಪೋಷರ್ ತಾನೇ ಹೊಂದಿಕೊಳ್ಳುವುದು. ಹೊರಗಿನ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಇದ್ದರೆ ಒಳಕೋಣೆಯ ಮೂಲೆಯಲ್ಲಿ ನೂರರ ಆಸುಪಾಸು ಇರಬಹುದು. ವ್ಯೂವರಿನೊಳಗೆ ಹಜಾರದಿಂದ ಆ ಕೋಣೆಗೆ ಕಾಲಿಟ್ಟೊಡನೆ ಯಂತ್ರ ಅದನ್ನು ಸದ್ದಿಲ್ಲದೆ ಬೆಳಗಿಸಿಬಿಡುತ್ತದೆ. ಕಿಟಕಿ ಸಾಲದು ಎಂಬ ಸತ್ಯ ಹೇಳಬೇಕಾದ ಜಾಗದಲ್ಲೇ ಬಾಯಿ ಮುಚ್ಚುತ್ತದೆ. ಇವೆರಡೂ ಲೆಕ್ಕದ ದೋಷಗಳಲ್ಲ, ಯಾವ ಪಿಕ್ಸೆಲ್ಲೂ ತಪ್ಪಿರುವುದಿಲ್ಲ. ಚಿತ್ರವನ್ನು ಅಂದಗಾಣಿಸುವ ಹಂಬಲದಿಂದ ಬಂದ ದೋಷಗಳು, ಆದ್ದರಿಂದಲೇ ಅವು ದೋಷವೆಂದು ಕಣ್ಣಿಗೆ ಬೀಳುವುದಿಲ್ಲ.

ಇದಕ್ಕೆ ಎದುರಾಗಿ ಕಂಪ್ಯೂಟರೇ ಇಲ್ಲದ ಕಾಲದ ಒಂದು ಮುನ್ನೋಟವನ್ನು ಇಟ್ಟು ನೋಡಬೇಕು. ಬಾರ್ಸಿಲೋನಾ ಸಮೀಪದ ಕೊಲೋನಿಯಾ ಗುಯೆಲ್ ಚರ್ಚಿಗಾಗಿ ಆಂಟೋನಿ ಗೌಡಿ 1898ರಿಂದ ಸುಮಾರು ಹತ್ತು ವರ್ಷ ಒಂದು ಮಾದರಿಯ ಮೇಲೆ ಕೆಲಸ ಮಾಡಿದ. ಚಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಅವಕ್ಕೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದ. ಜೋತುಬಿದ್ದ ದಾರದಲ್ಲಿ ಇರುವುದು ಬರೀ ಎಳೆತ. ಅದೇ ಆಕಾರವನ್ನು ತಲೆಕೆಳಗು ಮಾಡಿ ಕಲ್ಲು-ಇಟ್ಟಿಗೆಯಲ್ಲಿ ಕಟ್ಟಿದರೆ ಇರುವುದು ಬರೀ ಒತ್ತಡ, ಕಲ್ಲಿಗೆ ಬೇಕಾದ್ದೂ ಅದೇ. ಒಂದು ಚೀಲದ ತೂಕ ಬದಲಿಸಿದರೆ ಇಡೀ ದಾರದ ಜಾಲ ಆ ಕ್ಷಣವೇ ಮೈ ಹೊರಳಿಸಿ ಹೊಸ ಆಕಾರಕ್ಕೆ ನಿಲ್ಲುತ್ತಿತ್ತು. ಫೋಟೋ ತೆಗೆದು ತಿರುಗಿಸಿ ಹಿಡಿದರೆ ಕಟ್ಟಡದ ಕಮಾನುಗಳು! ಇದನ್ನು ರಿಯಲ್ ಟೈಮ್ ಎನ್ನದೆ ಏನೆನ್ನೋಣ? ಅದು ಬಣ್ಣ ತೋರಿಸಲಿಲ್ಲ, ಬೆಳಕು ತೋರಿಸಲಿಲ್ಲ, ಬಾಗಿಲಲ್ಲಿ ನಗುತ್ತ ನಿಂತ ಕುಟುಂಬವನ್ನಂತೂ ತೋರಿಸಲೇ ಇಲ್ಲ. ಭಾರ ಎಲ್ಲಿ ಇಳಿಯುತ್ತದೆ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟಿತು, ಆ ಉತ್ತರ ಸುಳ್ಳಾಗುವಂತಿರಲಿಲ್ಲ. ಒಳ್ಳೆಯ ಮುನ್ನೋಟಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಇದು.

ಈ ಅಳತೆಗೋಲು ಹಿಡಿದು ನಮ್ಮ ನೆಲಕ್ಕೆ ಬರೋಣ. ದೃಶ್ಯದ ಬಣ್ಣ, ಹೊಳಪು, ಗಿಡ, ಕಾರ್ಪೆಟ್ಟು ಎಲ್ಲ ಕಿತ್ತು ಗೋಡೆಗಳಿಗೆ ಬೂದು ಬಣ್ಣವೊಂದನ್ನೇ ಬಳಿಯಿರಿ. ಈ ಕಸುಬಿನವರು ಇದಕ್ಕೆ ಕ್ಲೇ ರೆಂಡರ್ ಎನ್ನುತ್ತಾರೆ. ಎಕ್ಸ್‌ಪೋಷರನ್ನು ಒಂದೇ ಕಡೆ ನಿಲ್ಲಿಸಿ. ಕ್ಯಾಮೆರಾವನ್ನು ನಿಂತ ಮನುಷ್ಯನ ಕಣ್ಣಿನ ಎತ್ತರಕ್ಕೆ, ಐದಡಿಯ ಆಸುಪಾಸಿಗೆ ಇಳಿಸಿ. ಈಗ ಒಂದೇ ಪ್ರಶ್ನೆ ಕೇಳಿ: ಬಿಸಿಲು ಎಲ್ಲಿಂದ ಬರುತ್ತದೆ? ಬೆಂಗಳೂರು ಇರುವುದು 12.97 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ, ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಅಂದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಅವನು ದಿನವಿಡೀ ಉತ್ತರ ಭಾಗದಲ್ಲೇ ಸಂಚರಿಸುತ್ತಾನೆ. ದಕ್ಷಿಣದ ಗೋಡೆಗೆ ಆಗ ನೇರ ಬಿಸಿಲೇ ಇಲ್ಲ. ಜೂನ್ 21ರ ನಡುಹಗಲಲ್ಲಿ ಅವನ ಎತ್ತರ 79.5 ಡಿಗ್ರಿ, ಉತ್ತರದ ಕಿಟಕಿಗೆ ಎರಡಡಿ ಸಜ್ಜೆ ಇದ್ದರೆ ಅದರ ನೆರಳು ಹತ್ತಡಿಗೂ ಹೆಚ್ಚು ಕೆಳಗಿಳಿಯುತ್ತದೆ. ಸಂಜೆ ಐದರ ಹೊತ್ತಿಗೆ ಮಾತ್ರ ಅದೇ ಸಜ್ಜೆಯ ಕೆಳಗಿನಿಂದ ಬಿಸಿಲು ಓರೆಯಾಗಿ ನುಗ್ಗುತ್ತದೆ. ಡಿಸೆಂಬರ್ 21ಕ್ಕೆ ಲೆಕ್ಕ ತಿರುವುಮುರುವು: ನಡುಹಗಲ ಸೂರ್ಯ ದಕ್ಷಿಣದಲ್ಲಿ 53.6 ಡಿಗ್ರಿ ಎತ್ತರದಲ್ಲಿ, ದಕ್ಷಿಣದ ಕಿಟಕಿಯ ಎರಡಡಿ ಸಜ್ಜೆಯ ನೆರಳು ಮೂರಡಿಯನ್ನೂ ಮುಟ್ಟುವುದಿಲ್ಲ. ಇದನ್ನು ವ್ಯೂವರಿನಲ್ಲಿ ದಿನಾಂಕದ ಗುಂಡಿ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕು. ಅದೇ ಕಿಟಕಿಗೆ ಪರದೆ ಇಳಿಬಿಟ್ಟು, ಬಂಗಾರದ ಬಣ್ಣದ ಸಂಜೆ ಬೆಳಕು ಹಚ್ಚಿದ ಚಿತ್ರದಲ್ಲಿ ಇದ್ಯಾವುದೂ ಹೊಳೆಯುವುದಿಲ್ಲ. ಅಲ್ಲಿ ಸೂರ್ಯನನ್ನು ನೆಟ್ಟಿರುವುದು ಪಂಚಾಂಗ ನೋಡಿ ಅಲ್ಲ, ಸೋಫಾ ನೋಡಿ.

'ಇದೆಲ್ಲ ಹಳೆಯ ಮಾತು, ಈಗ ವ್ಯೂವರುಗಳೂ ನಿಜವಾಗಿಯೇ ಕಿರಣದ ಬೆನ್ನಟ್ಟುತ್ತವೆ' ಎಂದು ತಿಳಿದವರು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ತಿರುಳಿದೆ. ಎನ್‌ವಿಡಿಯಾ 2018ರಲ್ಲಿ ಆರ್‌ಟಿಎಕ್ಸ್ ಕಾರ್ಡುಗಳನ್ನು ತಂದ ಮೇಲೆ ಕಿರಣ ಮತ್ತು ತ್ರಿಕೋನದ ಲೆಕ್ಕಕ್ಕೆ ಚಿಪ್ಪಿನಲ್ಲೇ ಪ್ರತ್ಯೇಕ ಭಾಗ ಬಂತು. ಬೆನ್ನ ಹಿಂದಿನ ಬಾಗಿಲು ಈಗ ಕನ್ನಡಿಯಲ್ಲಿ ಕಾಣಬಲ್ಲದು. ಆದರೂ ಜಿಮ್ ಕಜಿಯಾ 1986ರಲ್ಲಿ ಬರೆದ, ಬೆಳಕಿನ ಲೆಕ್ಕವನ್ನು ಒಟ್ಟಾಗಿ ಹಿಡಿಯುವ ರೆಂಡರಿಂಗ್ ಸಮೀಕರಣವನ್ನು ಹೀಗೆ ಯದ್ವಾತದ್ವಾ ಕಿರಣ ಎಸೆದು ಬಿಡಿಸುವಾಗ ಒಂದು ಕಟು ನಿಯಮವಿದೆ: ಚಿತ್ರದ ಕಾಳುಕಾಳು ಗದ್ದಲ ಅರ್ಧವಾಗಬೇಕಾದರೆ ಕಿರಣಗಳು ನಾಲ್ಕು ಪಟ್ಟಾಗಬೇಕು. 16.7 ಮಿಲಿಸೆಕೆಂಡಿನಲ್ಲಿ ಒಂದು ಪಿಕ್ಸೆಲ್ಲಿಗೆ ಸಿಗುವುದು ಬೆರಳೆಣಿಕೆಯ ಕಿರಣ. ಉಳಿದದ್ದನ್ನು ಹಿಂದಿನ ಫ್ರೇಮುಗಳಿಂದ ಕಡ ತಂದು, ಡೀನಾಯ್ಸರ್ ಎಂಬ ಊಹೆಗಾರನ ಕೈಗೆ ಒಪ್ಪಿಸುತ್ತಾರೆ. ಆತ ಜಾಣ, ಎಷ್ಟೋ ಸಲ ಸರಿಯಾಗಿಯೇ ಊಹಿಸುತ್ತಾನೆ. ಆದರೆ ಅವನ ತಪ್ಪು ಸೋರುವ ಬೆಳಕಿನಂತೆ ಎದ್ದು ಕಾಣುವುದಿಲ್ಲ, ನುಣ್ಣಗೆ ಸವರಿರುತ್ತದೆ. ಅದಿರಲಿ, ನಾಳೆ ಈ ಕೊರತೆಯೂ ನೀಗಿತೆಂದೇ ಇಟ್ಟುಕೊಳ್ಳೋಣ. ಬೆಳಕಿನ ಲೆಕ್ಕ ಪೂರಾ ಸರಿಯಾದ ಮೇಲೂ 90 ಡಿಗ್ರಿಯ ಲೆನ್ಸ್ 90 ಡಿಗ್ರಿಯದೇ, ತಾನೇ ಬೆಳಗುವ ಕೋಣೆ ತಾನೇ ಬೆಳಗುತ್ತಲೇ ಇರುತ್ತದೆ. ಕಾರ್ಡು ಬದಲಿಸಿ ಹೋಗಲಾಡಿಸುವ ದೋಷ ಅದಲ್ಲ.

ಇನ್ನೊಂದು ಆಕ್ಷೇಪ ಹಳಬರದು. ರಾತ್ರಿಯಿಡೀ ರೆಂಡರ್‌ಗೆ ಬಿಡಬೇಕಿದ್ದ ಕಾಲದಲ್ಲಿ ಗುಂಡಿ ಒತ್ತುವ ಮುನ್ನ ಯೋಚಿಸುತ್ತಿದ್ದೆವು, ಈಗ ಯೋಚನೆಯೇ ಇಲ್ಲದೆ ಎಳೆದಾಡುತ್ತಾರೆ ಎಂದು. ಇದನ್ನು ನಾನು ಅರ್ಧ ಒಪ್ಪುತ್ತೇನೆ. ಪ್ರಶ್ನೆಯಿಲ್ಲದೆ ವ್ಯೂವರ್ ತೆರೆದವನು ಗಂಟೆಗಟ್ಟಲೆ ಅದರೊಳಗೆ ಪ್ರವಾಸ ಮಾಡುತ್ತಾನೆ, ಕೆಲಸ ಮಾಡುವುದಿಲ್ಲ. ಆದರೆ ಕಾಯುವಿಕೆ ಕಲಿಸುತ್ತಿದ್ದದ್ದು ಯೋಚನೆಯನ್ನಷ್ಟೇ ಅಲ್ಲ, ಅಂಜಿಕೆಯನ್ನೂ. ರಾತ್ರಿಯ ರೆಂಡರ್ ಬೆಳಿಗ್ಗೆ ತಪ್ಪೆಂದು ಕಂಡಾಗ, ಗೋಡೆ ಸರಿಸುವ ಬದಲು ಫೋಟೋಶಾಪಿನಲ್ಲಿ ನೆರಳು ತಿದ್ದುವ ಆಸೆ ಹುಟ್ಟುತ್ತದೆ. ಮತ್ತೊಂದು ರಾತ್ರಿ ಕಳೆದುಕೊಳ್ಳಲು ಯಾರಿಗೆ ಬೇಕು?

ಗಿರಾಕಿಯ ಮಾತು ಬೇರೆ. ಅವನಿಗೆ ಬೂದು ಬಣ್ಣದ ಪೆಟ್ಟಿಗೆ ತೋರಿಸಿದರೆ ಮುಖ ಗಂಟಿಕ್ಕುತ್ತಾನೆ, ಹೊಳೆಯುವ ಚಿತ್ರ ತೋರಿಸಿದರೆ ಮುಂಗಡ ಕೊಡುತ್ತಾನೆ ಎಂಬ ವಾದವನ್ನು ಸುಳ್ಳೆನ್ನಲಾರೆ. ಹೊಟ್ಟೆಪಾಡಿನ ವಾದಕ್ಕೆ ಸೌಂದರ್ಯಶಾಸ್ತ್ರದಿಂದ ಉತ್ತರ ಕೊಡುವುದು ಒಳ್ಳೆಯದೂ ಅಲ್ಲ. ಆದರೆ ಹೊಳೆಯುವ ಚಿತ್ರದ ಮುಂದೆ ಗಿರಾಕಿ ಮಾತಾಡುವುದು ಯಾವುದರ ಬಗ್ಗೆ? ಸೋಫಾದ ಬಣ್ಣ, ಗೋಡೆಯ ಫೋಟೋ, ಪರದೆಯ ಬಟ್ಟೆ. ಅಡುಗೆಮನೆಯ ಬಾಗಿಲು ಊಟದ ಮೇಜಿಗೆ ತಗಲುತ್ತದೆ ಎಂಬುದು ಚರ್ಚೆಗೇ ಬರುವುದಿಲ್ಲ. ಎಲ್ಲವೂ ತೀರ್ಮಾನವಾಗಿ ಹೋದಂತೆ ಕಾಣುವ ಚಿತ್ರದಲ್ಲಿ ಬಾಗಿಲನ್ನು ಆಚೆ ಸರಿಸಿ ಎನ್ನಲು ಯಾರಿಗೂ ಬಾಯಿ ಬಾರದು. 'ಮನೆ ಕಟ್ಟಿ ನೋಡು' ಎಂಬ ಗಾದೆಯ ಎಚ್ಚರಿಕೆಯನ್ನು ಸ್ವಲ್ಪವಾದರೂ ತಗ್ಗಿಸಲಿ ಎಂದು ಬಂದ ಉಪಕರಣ ಇದು. ಹೊಳಪಿನ ಚಿತ್ರ ಕೊನೆಗೆ ಬರಲಿ, ಅದಕ್ಕೂ ಜಾಗವಿದೆ. ಮೊದಲ ಭೇಟಿಯಲ್ಲಿ ಬೂದು ಪೆಟ್ಟಿಗೆಯೊಳಗೆ ಗಿರಾಕಿಯ ಕೈಗೇ ಮೌಸ್ ಕೊಟ್ಟು ನಡೆದಾಡಲು ಬಿಡಿ. ಎಲ್ಲಿ ತಡವರಿಸುತ್ತಾನೆ ಎಂಬುದನ್ನು ನೋಡುತ್ತ ಕೂತರೆ ಸಾಕು.

ಕೊನೆಗೊಂದು ಸಣ್ಣ ಕೆಲಸ. ಎನ್‌ಸ್ಕೇಪ್ ಹುಟ್ಟಿದ್ದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ, ಲೂಮಿಯನ್ ನೆದರ್‌ಲ್ಯಾಂಡ್ಸಿನಲ್ಲಿ, ಟ್ವಿನ್‌ಮೋಷನ್ ಫ್ರಾನ್ಸಿನಲ್ಲಿ, ಇವುಗಳಿಗೆ ಮಾದರಿ ಕಟ್ಟಿಕೊಡುವ ಸ್ಕೆಚ್‌ಅಪ್ ಅಮೆರಿಕದ ಕೊಲರಾಡೋದ ಬೌಲ್ಡರ್ ಊರಿನಲ್ಲಿ. ನಡುಹಗಲ ಸೂರ್ಯ ಎಂದೂ ಉತ್ತರಕ್ಕೆ ಬಾರದ ನೆಲಗಳು ಇವೆಲ್ಲ. ಸ್ಕೆಚ್‌ಅಪ್‌ಗಂತೂ ನಾವು ಊರು ತಿಳಿಸದೆ ಬಿಟ್ಟರೆ ಅದು ಹಾಕುವ ನೆರಳು ಬೌಲ್ಡರಿನದೇ. ನಿಮ್ಮ ಹಳೆಯ ಫೈಲೊಂದನ್ನು ತೆರೆದು ಅಕ್ಷಾಂಶದ ಜಾಗದಲ್ಲಿ ಏನಿದೆ ನೋಡಿ. 40.02 ಎಂದಿದ್ದರೆ, ಇಷ್ಟು ದಿನ ನೀವು ಸಜ್ಜೆ ಇಳಿಸುತ್ತಿದ್ದದ್ದು ಕೊಲರಾಡೋದ ಕಿಟಕಿಗೆ.